ಹೊಯ್ಸಳರ ವಂಶಾವಳಿಯೂ ಗಣಕದ ತರ್ಕವೂ: ಒಂದು ಪ್ರಶ್ನೆಗೆ 316 ಹೆಜ್ಜೆ ಬೇಕೆ, 8 ಸಾಕೆ?

ಬೇಲೂರು, ಹಳೇಬೀಡು, ಅರಸೀಕೆರೆ ಸೀಮೆಯ ಶಿಲಾಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ದಾನ ಕೊಟ್ಟ ಭೂಮಿಯ ವಿವರಕ್ಕೆ ಬರುವ ಮುನ್ನ ಅನೇಕ ಶಾಸನಗಳು ಅರಸನ ವಂಶಾವಳಿಯನ್ನು ಹೇಳುತ್ತವೆ. ಸಳನ ಕಥೆಯಿಂದ ಆರಂಭವಾಗಿ, ವಿನಯಾದಿತ್ಯನ ಮಗ ಎರೆಯಂಗ, ಎರೆಯಂಗನ ಮಗ ವಿಷ್ಣುವರ್ಧನ ಎಂದು ಸರಣಿ ಸಾಗುತ್ತದೆ. ಬಿ. ಎಲ್. ರೈಸ್ ಅವರು 1902ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಐದನೆಯ ಸಂಪುಟದಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ಪ್ರಕಟಿಸಿದ ಮೇಲೆ ಈ ಸರಣಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವುದು ಸಾಧ್ಯವಾಯಿತು.

ಆದರೆ ಶಾಸನಕವಿ ಹೇಳುವುದು ತಂದೆ ಯಾರು, ಮಗ ಯಾರು ಎಂಬುದನ್ನಷ್ಟೇ. ಮುಮ್ಮಡಿ ಬಲ್ಲಾಳನಿಗೆ ವಿಷ್ಣುವರ್ಧನನು ಆರು ತಲೆಮಾರು ಹಿಂದಿನ ಪೂರ್ವಿಕ ಎಂದು ಪ್ರತ್ಯೇಕವಾಗಿ ಬರೆದಿಡುವ ಅಗತ್ಯ ಯಾರಿಗೂ ಕಂಡಿಲ್ಲ. ಬರೆದಿರುವ ಸಂಗತಿಗಳಿಂದ ಬರೆಯದೇ ಇರುವುದನ್ನು ಓದುಗನು ತಾನೇ ತರ್ಕಿಸಿಕೊಳ್ಳುತ್ತಾನೆ. ಇದೇ ಕೆಲಸವನ್ನು ಗಣಕಯಂತ್ರಕ್ಕೆ ವಹಿಸಿದರೆ ಅದಕ್ಕೆ ನಿಗಮನ ದತ್ತಸಂಚಯ ಎಂದು ಹೆಸರು. ಸಾಮಾನ್ಯ ದತ್ತಸಂಚಯ, ಅಂದರೆ ಡೇಟಾಬೇಸ್, ತನ್ನಲ್ಲಿ ತುಂಬಿರುವ ಕೋಷ್ಟಕಗಳನ್ನು ಹುಡುಕಿ ಉತ್ತರ ಕೊಡುತ್ತದೆ. ನಿಗಮನ ದತ್ತಸಂಚಯದಲ್ಲಿ ಕೋಷ್ಟಕಗಳ ಜೊತೆಗೆ ನಿಯಮಗಳೂ ಇರುತ್ತವೆ. ನಿಯಮಗಳಿಂದ ಹೊಸ ಸಂಗತಿಗಳು ಹುಟ್ಟುತ್ತವೆ.

ಹುಟ್ಟಿಸುವುದು ಕಷ್ಟವಲ್ಲ. ಬೇಕಾದಷ್ಟನ್ನು ಮಾತ್ರ, ಬೇಗ ಹುಟ್ಟಿಸುವುದು ಕಷ್ಟ. ಗಣಕ ವಿಜ್ಞಾನದ ಒಂದು ಇಡೀ ಶಾಖೆ 1980ರ ದಶಕದಲ್ಲಿ ಈ ಒಂದು ಪ್ರಶ್ನೆಗೆ ತಲೆ ಕೆಡಿಸಿಕೊಂಡಿತ್ತು.

ಎರಡೇ ವಾಕ್ಯದ ನಿಯಮ

ಹೊಯ್ಸಳರ ಉದಾಹರಣೆಯನ್ನೇ ಮುಂದುವರಿಸೋಣ. ವಿನಯಾದಿತ್ಯನ ಮಗ ಎರೆಯಂಗ. ಎರೆಯಂಗನಿಗೆ ಒಂದನೇ ಬಲ್ಲಾಳ, ವಿಷ್ಣುವರ್ಧನ, ಉದಯಾದಿತ್ಯ ಎಂಬ ಮೂವರು ಮಕ್ಕಳು. ವಿಷ್ಣುವರ್ಧನನ ಮಗ ಒಂದನೇ ನರಸಿಂಹ, ಅವನ ಮಗ ಇಮ್ಮಡಿ ವೀರಬಲ್ಲಾಳ, ಅವನ ಮಗ ಇಮ್ಮಡಿ ನರಸಿಂಹ, ಅವನ ಮಗ ಸೋಮೇಶ್ವರ. ಸೋಮೇಶ್ವರನ ಮಕ್ಕಳಾದ ಮುಮ್ಮಡಿ ನರಸಿಂಹ ಮತ್ತು ರಾಮನಾಥರ ನಡುವೆ ರಾಜ್ಯ ಹಂಚಿಹೋಯಿತು. ಮುಮ್ಮಡಿ ನರಸಿಂಹನ ಮಗ ಮುಮ್ಮಡಿ ಬಲ್ಲಾಳ. ಒಟ್ಟು 11 ತಂದೆ-ಮಗ ಜೋಡಿಗಳು. ಕೋಷ್ಟಕದಲ್ಲಿ 11 ಸಾಲುಗಳು, ಅಷ್ಟೇ.

ಇನ್ನು ನಿಯಮ. ಕ ಎಂಬಾತ ಖ ಎಂಬಾತನ ತಂದೆಯಾದರೆ, ಕ ಖನ ಪೂರ್ವಿಕ. ಕ ಗನ ತಂದೆಯಾಗಿದ್ದು, ಗ ಖನ ಪೂರ್ವಿಕನಾಗಿದ್ದರೆ, ಆಗಲೂ ಕ ಖನ ಪೂರ್ವಿಕ. ಎರಡನೆಯ ವಾಕ್ಯ ಪೂರ್ವಿಕನನ್ನು ವಿವರಿಸಲು 'ಪೂರ್ವಿಕ' ಎಂಬ ಪದವನ್ನೇ ಬಳಸುತ್ತಿದೆ ಎಂಬುದನ್ನು ಗಮನಿಸಬೇಕು. ತನ್ನನ್ನೇ ತಾನು ಕರೆದುಕೊಳ್ಳುವ ಇಂಥ ನಿಯಮಗಳೇ ನಿಗಮನ ದತ್ತಸಂಚಯದ ಜೀವಾಳ.

ಇ. ಎಫ್. ಕಾಡ್ 1970ರಲ್ಲಿ ರೂಪಿಸಿಕೊಟ್ಟ ಸಂಬಂಧಾತ್ಮಕ ಮಾದರಿಯ ಮೇಲೆ ಇಂದಿಗೂ ಬ್ಯಾಂಕು, ರೈಲ್ವೆ, ಕಂದಾಯ ಇಲಾಖೆಗಳ ದತ್ತಸಂಚಯಗಳು ನಿಂತಿವೆ. ಆ ಮಾದರಿಯ ಮೂಲ ಬೀಜಗಣಿತದಲ್ಲಿ ತಂದೆಯನ್ನು ಕೇಳಬಹುದು, ತಾತನನ್ನು ಕೇಳಬಹುದು, ಮುತ್ತಾತನನ್ನೂ ಕೇಳಬಹುದು. 'ಎಷ್ಟೇ ತಲೆಮಾರು ಹಿಂದಿದ್ದರೂ ಸರಿ, ಎಲ್ಲ ಪೂರ್ವಿಕರನ್ನೂ ಕೊಡು' ಎಂದು ಮಾತ್ರ ಕೇಳಲಾಗದು. ಇದು ಅಸಾಧ್ಯವೆಂದು ಆಲ್ಫ್ರೆಡ್ ಏಹೊ ಮತ್ತು ಜೆಫ್ರಿ ಉಲ್ಮನ್ 1979ರಲ್ಲಿ ಸಾಧಿಸಿ ತೋರಿಸಿದರು. ಈ ಕೊರತೆಯನ್ನು ತುಂಬಲೆಂದು ತರ್ಕಶಾಸ್ತ್ರವನ್ನೂ ದತ್ತಸಂಚಯವನ್ನೂ ಬೆಸೆದ ಭಾಷೆಗೆ ಡೇಟಾಲಾಗ್ ಎಂಬ ಹೆಸರು ಬಂತು.

ಮುಗ್ಧ ವಿಧಾನದ ದುಂದು

ಮುಮ್ಮಡಿ ಬಲ್ಲಾಳನ ಪೂರ್ವಿಕರು ಯಾರು ಯಾರು? ಉತ್ತರ ಎಂಟು ಹೆಸರು. ಗಣಕವು ಈ ಎಂಟನ್ನು ತಲುಪುವ ದಾರಿಗಳು ಮಾತ್ರ ಹಲವು.

ಅತ್ಯಂತ ಸರಳವಾದ ದಾರಿಗೆ ಪಂಡಿತರೇ 'ನೈವ್', ಅಂದರೆ ಮುಗ್ಧ ವಿಧಾನ ಎಂದು ಹೆಸರಿಟ್ಟಿದ್ದಾರೆ. ಮೊದಲ ಸುತ್ತಿನಲ್ಲಿ 11 ತಂದೆ-ಮಗ ಜೋಡಿಗಳೇ ಪೂರ್ವಿಕ ಜೋಡಿಗಳಾಗುತ್ತವೆ. ಎರಡನೆಯ ಸುತ್ತಿನಲ್ಲಿ ನಿಯಮವನ್ನು ಮತ್ತೆ ಎಲ್ಲದರ ಮೇಲೂ ಹಚ್ಚಿದಾಗ ತಾತ-ಮೊಮ್ಮಗ ಜೋಡಿಗಳು ಸೇರಿ 21 ಆಗುತ್ತವೆ. ಮೂರನೆಯದರಲ್ಲಿ 28. ಹೀಗೆ 34, 39, 43, 46, 47 ಎಂದು ಏರಿ, ಒಂಬತ್ತನೆಯ ಸುತ್ತಿನಲ್ಲಿ ಮತ್ತೆ 47 ಬಂದಾಗ 'ಹೊಸದೇನೂ ಸಿಗಲಿಲ್ಲ' ಎಂದು ಯಂತ್ರ ನಿಲ್ಲುತ್ತದೆ. ಈ ನಿಲುಗಡೆಗೆ ಸ್ಥಿರಬಿಂದು ಎನ್ನುತ್ತಾರೆ.

ದುಂದು ಎಲ್ಲಿದೆ? ಪ್ರತಿ ಸುತ್ತಿನಲ್ಲೂ ಹಿಂದಿನ ಸುತ್ತುಗಳಲ್ಲಿ ಕಂಡುಕೊಂಡದ್ದನ್ನೆಲ್ಲ ಯಂತ್ರ ಮತ್ತೆ ಮೊದಲಿನಿಂದ ಕಂಡುಕೊಂಡಿತು. ಒಂಬತ್ತು ಸುತ್ತುಗಳ ಲೆಕ್ಕ ಕೂಡಿದರೆ 316 ಬಾರಿ ತರ್ಕಿಸಿದಂತಾಯಿತು. ಎಂಟು ಹೆಸರಿಗೆ 316 ಹೆಜ್ಜೆ!

ಮೊದಲ ಸುಧಾರಣೆ ಇಲ್ಲಿಯೇ ಹೊಳೆಯುತ್ತದೆ. ಮೂರನೆಯ ಸುತ್ತಿನಲ್ಲಿ ಹೊಸದೇನಾದರೂ ಹುಟ್ಟಬೇಕಾದರೆ ಅದು ಎರಡನೆಯ ಸುತ್ತಿನಲ್ಲಿ ಹೊಸದಾಗಿ ಸಿಕ್ಕಿದ್ದರಿಂದಲೇ ಹುಟ್ಟಬೇಕು. ಹಳೆಯದರಿಂದ ಹುಟ್ಟುವುದೆಲ್ಲ ಆಗಲೇ ಹುಟ್ಟಿಯಾಗಿದೆ. ಆದ್ದರಿಂದ ನಿಯಮವನ್ನು ಹಿಂದಿನ ಸುತ್ತಿನ ಹೊಸ ಸಂಗತಿಗಳ ಮೇಲೆ ಮಾತ್ರ ಹಚ್ಚಿದರೆ ಸಾಕು. ಇದಕ್ಕೆ 'ಸೆಮಿ-ನೈವ್' ಅಥವಾ ಅರೆಮುಗ್ಧ ವಿಧಾನ ಎಂದು ಹೆಸರು. ಹೊಯ್ಸಳರ ಕೋಷ್ಟಕದಲ್ಲಿ 316 ಹೆಜ್ಜೆಗಳು 47ಕ್ಕೆ ಇಳಿಯುತ್ತವೆ.

11 ಸಾಲಿನ ಕೋಷ್ಟಕದಲ್ಲಿ ಈ ಉಳಿತಾಯ ಯಾರಿಗೂ ಕಾಣದು. ಒಂದೇ ದಿಕ್ಕಿನಲ್ಲಿ, ಒಂದೇ ಸಾಲಿನಲ್ಲಿ ಸಾವಿರ ನಿಲ್ದಾಣಗಳಿರುವ ಮಾರ್ಗವನ್ನು ಕಲ್ಪಿಸಿಕೊಳ್ಳಿ. ಮುಗ್ಧ ವಿಧಾನಕ್ಕೆ ಸುಮಾರು 33 ಕೋಟಿ ಹೆಜ್ಜೆ ಬೇಕು. ಅರೆಮುಗ್ಧಕ್ಕೆ ಐದು ಲಕ್ಷದೊಳಗೆ ಸಾಕು.

ಅರಸೀಕೆರೆ ಜಂಕ್ಷನ್‌ನಲ್ಲಿ ಸಿಕ್ಕಿಬಿದ್ದ ಯಂತ್ರ

ಇಲ್ಲೊಂದು ಆಕ್ಷೇಪ ಸಹಜ. ಎಲ್ಲರ ಪೂರ್ವಿಕರನ್ನೂ ಲೆಕ್ಕಹಾಕುವ ಬದಲು, ಕೇಳಿದ ಮುಮ್ಮಡಿ ಬಲ್ಲಾಳನಿಂದಲೇ ಆರಂಭಿಸಿ ಅವನ ತಂದೆ, ಆ ತಂದೆಯ ತಂದೆ ಎಂದು ಹೋಗಬಾರದೇಕೆ? ಮನುಷ್ಯರು ಮಾಡುವುದು ಹಾಗೆಯೇ. ಪ್ರೋಲಾಗ್ ಎಂಬ ತರ್ಕಭಾಷೆ ಮಾಡುವುದೂ ಹಾಗೆಯೇ. ಇದಕ್ಕೆ ಮೇಲಿನಿಂದ ಕೆಳಕ್ಕೆ ಇಳಿಯುವ ಕ್ರಮ ಎನ್ನುತ್ತಾರೆ. ಕೋಷ್ಟಕದಿಂದ ಆರಂಭಿಸಿ ಸುತ್ತು ಸುತ್ತಾಗಿ ಕಟ್ಟುವುದು ಕೆಳಗಿನಿಂದ ಮೇಲೇರುವ ಕ್ರಮ.

ವಂಶಾವಳಿಯಲ್ಲಿ ಪ್ರೋಲಾಗ್‌ನ ಕ್ರಮ ಸೊಗಸಾಗಿ ನಡೆಯುತ್ತದೆ. ಮಗನು ತನ್ನ ತಂದೆಗೆ ತಂದೆಯಾಗುವುದಿಲ್ಲವಲ್ಲ! ರೈಲ್ವೆ ನಕ್ಷೆಯಲ್ಲಿ ಆ ಭರವಸೆ ಇಲ್ಲ. ಅರಸೀಕೆರೆ ಜಂಕ್ಷನ್‌ನಿಂದ ಒಂದು ಮಾರ್ಗ ಹಾಸನದತ್ತ, ಒಂದು ತಿಪಟೂರು-ತುಮಕೂರಿನತ್ತ, ಇನ್ನೊಂದು ಕಡೂರು-ಬೀರೂರಿನತ್ತ ಹೋಗುತ್ತದೆ. ಅರಸೀಕೆರೆಯಿಂದ ಹೊರಟು ಹಾಸನ, ಮೈಸೂರು, ಬೆಂಗಳೂರು, ತುಮಕೂರು, ತಿಪಟೂರು ಸುತ್ತಿ ಪುನಃ ಅರಸೀಕೆರೆಗೇ ಬಂದಿಳಿಯಬಹುದು. 2017ರಲ್ಲಿ ಶ್ರವಣಬೆಳಗೊಳದ ಮೂಲಕ ಹಾಸನ-ಬೆಂಗಳೂರು ಮಾರ್ಗ ತೆರೆದ ಮೇಲೆ ಮತ್ತೊಂದು ಸುತ್ತುದಾರಿಯೂ ಸೇರಿದೆ.

ಈಗ ಪ್ರವಾಸಿಯೊಬ್ಬನ ಪ್ರಶ್ನೆ: 'ಅರಸೀಕೆರೆಯಿಂದ ಹಳೇಬೀಡಿಗೆ ರೈಲಿನಲ್ಲಿ ಹೋಗಬಹುದೇ?' ಹಳೇಬೀಡಿನಲ್ಲಿ ರೈಲು ನಿಲ್ದಾಣವೇ ಇಲ್ಲ. ಉತ್ತರ 'ಇಲ್ಲ' ಎಂದಾಗಬೇಕು. ಆದರೆ ಸಾದಾ ಪ್ರೋಲಾಗ್ ಹಾಸನಕ್ಕೆ ಹೋಗಿ ಹುಡುಕುತ್ತದೆ, ಮೈಸೂರಿಗೆ ಹೋಗುತ್ತದೆ, ಬೆಂಗಳೂರು ಸುತ್ತಿ ಅರಸೀಕೆರೆಗೆ ಬರುತ್ತದೆ; ತಾನು ಹೊರಟದ್ದು ಇಲ್ಲಿಂದಲೇ ಎಂಬ ನೆನಪಿಲ್ಲದೆ ಮತ್ತೆ ಹಾಸನದ ಗಾಡಿ ಹತ್ತುತ್ತದೆ. ವಾಸ್ತವದಲ್ಲಿ ಅಷ್ಟು ದೂರ ಹೋಗುವ ಪ್ರಮೇಯವೂ ಇಲ್ಲ. ಹಳಿ ಎರಡೂ ದಿಕ್ಕಿಗೆ ಇರುವುದರಿಂದ ಅರಸೀಕೆರೆ-ಹಾಸನಗಳ ನಡುವೆಯೇ ಅದು ಕೊನೆಯಿಲ್ಲದೆ ಓಡಾಡುತ್ತಿರಬಹುದು. 'ಇಲ್ಲ' ಎಂಬ ಉತ್ತರ ಎಂದಿಗೂ ಬರುವುದಿಲ್ಲ.

ಕೆಳಗಿನಿಂದ ಮೇಲೇರುವ ಕ್ರಮಕ್ಕೆ ಈ ಭಯವಿಲ್ಲ. ನಿಲ್ದಾಣಗಳು ಎಣಿಕೆಗೆ ಸಿಗುವಷ್ಟೇ. ನಿಲ್ದಾಣಗಳ ಜೋಡಿಗಳೂ ಅಷ್ಟೇ. ಒಮ್ಮೆ ಬರೆದ ಜೋಡಿಯನ್ನು ಇನ್ನೊಮ್ಮೆ ಬರೆಯುವುದಿಲ್ಲವಾದ್ದರಿಂದ ಎಲ್ಲಾದರೂ ನಿಲ್ಲಲೇಬೇಕು. ಆದರೆ ಅದು ಹಳೇಬೀಡಿನ ಪ್ರಶ್ನೆಗೆ ಉತ್ತರಿಸಲು ದೇಶದ ಎಲ್ಲ ನಿಲ್ದಾಣಗಳ ಜೋಡಿಗಳನ್ನೂ ಲೆಕ್ಕ ಹಾಕಿಬಿಡುತ್ತದೆ. ಒಂದಕ್ಕೆ ಗುರಿಯಿದೆ, ನೆನಪಿಲ್ಲ. ಇನ್ನೊಂದಕ್ಕೆ ನೆನಪಿದೆ, ಗುರಿಯಿಲ್ಲ.

'ಮಾಂತ್ರಿಕ ಗಣ'

ಈ ಎರಡನ್ನೂ ಕೂಡಿಸಿದ ಉಪಾಯ 1986ರಲ್ಲಿ ಬಂತು. ಫ್ರಾನ್ಸ್ವಾ ಬಾನ್ಸಿಲೋಂ, ಡೇವಿಡ್ ಮೇಯರ್, ಯೆಹೋಶುವಾ ಸಗೀವ್ ಮತ್ತು ಉಲ್ಮನ್ ಅವರು ಮಂಡಿಸಿದ ಈ ಉಪಾಯಕ್ಕೆ 'ಮ್ಯಾಜಿಕ್ ಸೆಟ್ಸ್' ಎಂದು ಹೆಸರು. ಕನ್ನಡದ ಗಣಿತ ಪುಸ್ತಕಗಳ ಮಾತಿನಲ್ಲಿ ಮಾಂತ್ರಿಕ ಗಣ. ಮರುವರ್ಷ ಕಾಟ್ರಿಯಲ್ ಬೀರಿ ಮತ್ತು ರಘು ರಾಮಕೃಷ್ಣನ್ ಅದನ್ನು ಇನ್ನಷ್ಟು ವ್ಯಾಪಕವಾದ ನಿಯಮಗಳಿಗೆ ವಿಸ್ತರಿಸಿದರು. ರಾಮಕೃಷ್ಣನ್ ಮದ್ರಾಸಿನ ಐಐಟಿಯಲ್ಲಿ ಓದಿದವರು.

ಹೆಸರು ಮಾಯಾಬಜಾರಿನದಾದರೂ ಒಳಗಿರುವುದು ಗುಮಾಸ್ತನ ಜಾಣತನ. ಗಣಕವು ಲೆಕ್ಕ ಆರಂಭಿಸುವ ಮುನ್ನವೇ ನಿಯಮಗಳನ್ನು ತಿದ್ದಿ ಬರೆಯುತ್ತದೆ. 'ಯಾರ ಬಗ್ಗೆ ವಿಚಾರಣೆ ಬಂದಿದೆ' ಎಂಬ ಒಂದು ಹೊಸ ಪಟ್ಟಿಯನ್ನು ತೆರೆದು, ಅದರಲ್ಲಿ ಮುಮ್ಮಡಿ ಬಲ್ಲಾಳನ ಹೆಸರು ಹಾಕುತ್ತದೆ. ಪ್ರತಿ ನಿಯಮಕ್ಕೂ 'ಈ ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ' ಎಂಬ ಷರತ್ತನ್ನು ಕಾವಲಿಗೆ ಇಡುತ್ತದೆ. ಒಂದು ಪ್ರಶ್ನೆಗೆ ಉತ್ತರಿಸಲು ಇನ್ನೊಬ್ಬನ ವಿಚಾರ ತಿಳಿಯಬೇಕಾದರೆ ಅವನ ಹೆಸರೂ ಪಟ್ಟಿಗೆ ಸೇರುತ್ತದೆ. ಅನಂತರ ಕೆಲಸವೆಲ್ಲ ಎಂದಿನಂತೆ ಕೆಳಗಿನಿಂದ ಮೇಲಕ್ಕೆ, ಅರೆಮುಗ್ಧವಾಗಿ. ಹೊಯ್ಸಳರ ಪ್ರಶ್ನೆಯಲ್ಲಿ ಪಟ್ಟಿಗೆ ಎರಡನೆಯ ಹೆಸರು ಸೇರುವುದೇ ಇಲ್ಲ. ಮುಮ್ಮಡಿ ನರಸಿಂಹ, ಸೋಮೇಶ್ವರ, ಇಮ್ಮಡಿ ನರಸಿಂಹ ಎಂದು ಏರುತ್ತ ವಿನಯಾದಿತ್ಯನವರೆಗೆ ಎಂಟು ಸಂಗತಿಗಳು ಹುಟ್ಟುತ್ತವೆ. ಉದಯಾದಿತ್ಯನನ್ನಾಗಲಿ ರಾಮನಾಥನನ್ನಾಗಲಿ ಯಂತ್ರ ಮಾತನಾಡಿಸುವುದಿಲ್ಲ. 316, 47, ಈಗ 8.

ಇಷ್ಟಕ್ಕೇ ತೃಪ್ತರಾಗುವಂತಿಲ್ಲ. ಪ್ರಶ್ನೆಯನ್ನು ತಿರುಗಿಸಿ 'ಒಂದನೇ ನರಸಿಂಹನ ಸಂತತಿ ಯಾರು?' ಎಂದು ಕೇಳಿದರೆ ಉತ್ತರ ಆರು ಹೆಸರು. ಅದೇ ನಿಯಮ, ಅದೇ ಮಾಂತ್ರಿಕ ಗಣ. ಆದರೆ ಹುಟ್ಟುವ ಸಂಗತಿಗಳು 19. ನರಸಿಂಹನ ಸಂತತಿ ತಿಳಿಯಲು ವೀರಬಲ್ಲಾಳನ ಸಂತತಿ, ಅದಕ್ಕೆ ಇಮ್ಮಡಿ ನರಸಿಂಹನ ಸಂತತಿ ಎಂದು ವಿಚಾರಣೆಯ ಪಟ್ಟಿಯೇ ಬೆಳೆಯುತ್ತ ಹೋಗುತ್ತದೆ. ನಿಯಮದ ಎರಡನೆಯ ವಾಕ್ಯವನ್ನು 'ಕ ಗನ ಪೂರ್ವಿಕನಾಗಿದ್ದು, ಗ ಖನ ತಂದೆಯಾದರೆ' ಎಂದು ತಿರುಗಿಸಿ ಬರೆದುನೋಡಿ. ಅರ್ಥ ಕೂದಲೆಳೆಯಷ್ಟೂ ಬದಲಾಗದು. ಆದರೆ 19 ಹೆಜ್ಜೆ 6ಕ್ಕೆ ಇಳಿಯುತ್ತದೆ! ಪ್ರಶ್ನೆ ಯಾವ ತುದಿಯಿಂದ ಬರುತ್ತದೆ ಎಂಬುದನ್ನು ನೋಡಿ ನಿಯಮದ ರೂಪವನ್ನು ಆರಿಸುವುದು, ಸಾಧ್ಯವಾದಲ್ಲಿ ಯಂತ್ರವೇ ಅದನ್ನು ತಿರುಗಿಸಿಕೊಳ್ಳುವುದು, ಈ ಶಾಸ್ತ್ರದ ಅತಿ ಸೂಕ್ಷ್ಮ ಭಾಗ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ರಾಮಕೃಷ್ಣನ್, ದಿವೇಶ್ ಶ್ರೀವಾಸ್ತವ ಮತ್ತು ಎಸ್. ಸುದರ್ಶನ್ ಈ ಉಪಾಯಗಳನ್ನೆಲ್ಲ ಸೇರಿಸಿ 'ಕೋರಲ್' ಎಂಬ ನಿಗಮನ ದತ್ತಸಂಚಯವನ್ನು ಕಟ್ಟಿದರು. ಸುದರ್ಶನ್ ಅವರ 1992ರ ಪಿಎಚ್‌ಡಿ ಪ್ರಬಂಧದ ವಿಷಯವೇ ಕೆಳಗಿನಿಂದ ಮೇಲೇರುವ ಮೌಲ್ಯಮಾಪನದ ಸುಧಾರಣೆ. ಬಳಿಕ ಅವರು ಮುಂಬಯಿಯ ಐಐಟಿಯಲ್ಲಿ ಪ್ರಾಧ್ಯಾಪಕರಾದರು. ದತ್ತಸಂಚಯ ಕುರಿತು ಅವರು ಸಹಲೇಖಕರಾಗಿರುವ ಪಠ್ಯಪುಸ್ತಕ ಕರ್ನಾಟಕದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಚಿರಪರಿಚಿತ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಯಂತ್ ಹರಿತ್ಸ ಅವರ ತಂಡ ಹಿಡಿದದ್ದು ಇದರ ನೆರೆಯ ಸಮಸ್ಯೆಯನ್ನು. ಎರಡು ಮೂರು ಕೋಷ್ಟಕಗಳನ್ನು ಜೋಡಿಸಬೇಕಾದಾಗ ಯಾವುದನ್ನು ಮೊದಲು ತೆರೆಯಬೇಕು? ಯಂತ್ರ ಅಂದಾಜು ಮಾಡುತ್ತದೆ. ಅಂದಾಜು ತಪ್ಪಿದರೆ ಕ್ಷಣದ ಕೆಲಸ ಗಂಟೆಗೆ ಹೋಗುತ್ತದೆ. ಯಂತ್ರದ ಈ ಆಯ್ಕೆಗಳನ್ನು ಬಣ್ಣದ ಚಿತ್ರವಾಗಿ ತೋರಿಸುವ 'ಪಿಕಾಸೊ' ತಂತ್ರಾಂಶ ಅಲ್ಲಿ ರೂಪುಗೊಂಡಿತು. ಹರಿತ್ಸ ಅವರಿಗೆ 2014ರಲ್ಲಿ ಇನ್ಫೋಸಿಸ್ ಪ್ರಶಸ್ತಿ ಬಂದಿದೆ.

ಇಂದಿನ ದತ್ತಸಂಚಯಗಳಲ್ಲಿ

ನಿಗಮನ ದತ್ತಸಂಚಯಗಳು ಮಾರುಕಟ್ಟೆಯಲ್ಲಿ ಗೆಲ್ಲಲಿಲ್ಲ. ಅವುಗಳ ಉಪಾಯಗಳು ಗೆದ್ದವು. ದತ್ತಸಂಚಯಗಳ ಸಾಮಾನ್ಯ ಭಾಷೆಯಾದ ಎಸ್‌ಕ್ಯೂಎಲ್ 1999ರ ಆವೃತ್ತಿಯಲ್ಲಿ ತನ್ನನ್ನೇ ಕರೆಯುವ ಪ್ರಶ್ನೆಗಳಿಗೆ ಅವಕಾಶ ಕೊಟ್ಟಿತು. ಉಚಿತವಾಗಿ ಸಿಗುವ ಪೋಸ್ಟ್‌ಗ್ರೆಸ್‌ಗೆ 2009ರಲ್ಲಿ, ಮೈಎಸ್‌ಕ್ಯೂಎಲ್‌ಗೆ 2018ರಲ್ಲಿ ಈ ಸೌಲಭ್ಯ ಬಂತು. ಪೋಸ್ಟ್‌ಗ್ರೆಸ್ ಒಳಗೆ ನಡೆಸುವುದು ಹೆಚ್ಚುಕಡಿಮೆ ಅರೆಮುಗ್ಧ ವಿಧಾನವೇ. ಆದರೆ 'ಮುಮ್ಮಡಿ ಬಲ್ಲಾಳನದು ಮಾತ್ರ' ಎಂಬ ಷರತ್ತನ್ನು ಪುನರಾವರ್ತನೆಯ ಹೊರಗೆ ಬರೆದರೆ ಅದು ತಾನಾಗಿಯೇ ಒಳಗೆ ಇಳಿಯುವುದಿಲ್ಲ. 47ನ್ನೂ ಲೆಕ್ಕಹಾಕಿ 39ನ್ನು ಎಸೆಯುತ್ತದೆ. ಷರತ್ತನ್ನು ಆರಂಭದ ಸಾಲಿನಲ್ಲೇ ಬರೆಯುವ ಹೊಣೆ ಪ್ರೋಗ್ರಾಮರನದು. ಬೇರೆಡೆ, ತಂತ್ರಾಂಶಗಳಲ್ಲಿನ ಭದ್ರತಾ ದೋಷ ಹುಡುಕುವ 'ಕೋಡ್‌ಕ್ಯೂಎಲ್', 'ಸುಫ್ಲೆ' ಮುಂತಾದ ಸಾಧನಗಳಲ್ಲಿ ಡೇಟಾಲಾಗ್ ಮರುಜನ್ಮ ಪಡೆದಿದೆ.

ಪಹಣಿಯಲ್ಲಿ ಮುತ್ತಾತನ ಹೆಸರು

ಅರಸುಗಳ ವಂಶಾವಳಿಯಲ್ಲಿ ಹೆಜ್ಜೆ ತಪ್ಪಿದರೆ ಇಂದು ಯಾರಿಗೂ ನಷ್ಟವಿಲ್ಲ. ರೈತನ ವಂಶವೃಕ್ಷದಲ್ಲಿ ಹಾಗಲ್ಲ. 'ಭೂಮಿ' ಯೋಜನೆಯಡಿ ಕರ್ನಾಟಕ 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿತು. ಪಹಣಿ ಗಣಕಕ್ಕೆ ಬಂದರೂ ಅದರಲ್ಲಿರುವ ಹೆಸರು ಎಷ್ಟೋ ಕಡೆ ತೀರಿಕೊಂಡ ತಾತನದೋ ಮುತ್ತಾತನದೋ. ವಾರಸುದಾರರ ಹೆಸರಿಗೆ ಪೌತಿ ಖಾತೆಯಾಗಬೇಕಾದರೆ ವಂಶವೃಕ್ಷ ಬೇಕು. ತೀರಿಕೊಂಡ ಖಾತೆದಾರನ ಮಕ್ಕಳು ಯಾರು. ಅವರಲ್ಲಿ ಯಾರಾದರೂ ತೀರಿಕೊಂಡಿದ್ದರೆ ಅವರ ಮಕ್ಕಳು ಯಾರು. ಹೀಗೆ ಬದುಕಿರುವವರು ಸಿಗುವವರೆಗೆ ಕೆಳಗಿಳಿಯಬೇಕು. ತನ್ನನ್ನೇ ಕರೆಯುವ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಪ್ರಶ್ನೆ ಮೇಲಿನ ತುದಿಯಿಂದ ಬರುವುದರಿಂದ, ತಿರುಗಿಸಿ ಬರೆದ ಎರಡನೆಯ ರೂಪವೇ ಇಲ್ಲಿ ಸರಿ. ತಾಲ್ಲೂಕಿನ ಉಳಿದ ಕುಟುಂಬಗಳನ್ನು ಮುಟ್ಟುವ ಅಗತ್ಯವಿಲ್ಲ.

ನಿಯಮಗಳನ್ನು ಸಂಗತಿಗಳಿಂದ ಬೇರೆಯಾಗಿಡುವುದರ ಲಾಭವೂ ಇಲ್ಲಿ ಕಾಣುತ್ತದೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ಕರ್ನಾಟಕದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂತು. ಆದರೆ ಅದಕ್ಕೆ ಮೊದಲೇ ವಿವಾಹವಾಗಿದ್ದವರನ್ನು ಅದು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ, ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಕಾನೂನು ಮೂರು ಬಾರಿ ಹೊರಳಿದರೂ ಯಾರು ಯಾರ ಮಗಳು ಎಂಬ ಸಂಗತಿ ಹೊರಳಲಿಲ್ಲ. ನಿಗಮನ ದತ್ತಸಂಚಯದಲ್ಲಿ ತಿದ್ದಬೇಕಾದ್ದು ನಿಯಮದ ಒಂದೆರಡು ಸಾಲು ಮಾತ್ರ.

ಆದರೆ 'ವಿವಾಹವಾಗಿರದ', 'ಬದುಕಿಲ್ಲದ' ಎಂಬ ನಿಷೇಧದ ಮಾತು ನಿಯಮದೊಳಗೆ ಬಂದಾಗ ವೇಗದ ಉಪಾಯಗಳಿಗೆ ಲಗಾಮು ಬೀಳುತ್ತದೆ. 'ಅವಳಿಗೆ ವಿವಾಹವಾಗಿಲ್ಲ' ಎಂದು ತೀರ್ಮಾನಿಸುವ ಮುನ್ನ ವಿವಾಹಗಳ ಲೆಕ್ಕ ಪೂರ್ತಿ ಮುಗಿದಿರಬೇಕು. ಅರ್ಧದಲ್ಲಿ ತೀರ್ಮಾನಿಸಿದರೆ ಮುಂದಿನ ಸುತ್ತಿನಲ್ಲಿ ಅದು ಸುಳ್ಳಾಗಬಹುದು. ಆದ್ದರಿಂದ ನಿಯಮಗಳನ್ನು ಅಂತಸ್ತುಗಳಾಗಿ ವಿಂಗಡಿಸಿ, ಕೆಳಗಿನದು ಮುಗಿದ ಮೇಲೆಯೇ ಮೇಲಿನದನ್ನು ಆರಂಭಿಸುತ್ತಾರೆ. ಮಾಂತ್ರಿಕ ಗಣ ಈ ಅಂತಸ್ತುಗಳನ್ನು ಕಲಸಿಬಿಡುವ ಸಂದರ್ಭಗಳಿವೆ. ಮೇಲಿನ ಅಂತಸ್ತಿನ ಪ್ರಶ್ನೆಯೇ ಕೆಳಗಿನ ಅಂತಸ್ತಿನ ವಿಚಾರಣಾ ಪಟ್ಟಿಯನ್ನು ತುಂಬತೊಡಗುತ್ತದೆ. ಅಂಥ ಕಡೆ ಹೆಚ್ಚಿನ ಎಚ್ಚರದ ವಿಧಾನಗಳು ಬೇಕಾಗುತ್ತವೆ, ಇಲ್ಲವೇ ವೇಗವನ್ನು ಬಿಟ್ಟುಕೊಡಬೇಕಾಗುತ್ತದೆ.

ವೇಗಕ್ಕೂ ಮಿಗಿಲಾದ ಇನ್ನೊಂದು ತೊಡಕು ಈ ಯಂತ್ರಗಳ ಹುಟ್ಟಿನಲ್ಲೇ ಇದೆ. ಕೋಷ್ಟಕದಲ್ಲಿ ಇಲ್ಲದ್ದು ಲೋಕದಲ್ಲೂ ಇಲ್ಲ ಎಂದು ಅವು ಭಾವಿಸುತ್ತವೆ. ರೇಮಂಡ್ ರೈಟರ್ 1978ರಲ್ಲಿ ಇದನ್ನು 'ಮುಚ್ಚಿದ ಲೋಕದ ಗ್ರಹಿಕೆ' ಎಂದು ಕರೆದರು. ರೈಲಿನ ಪ್ರಶ್ನೆಗೆ ಈ ಗ್ರಹಿಕೆ ಸರಿ. ಪಟ್ಟಿಯಲ್ಲಿ ನಿಲ್ದಾಣವಿಲ್ಲದಿದ್ದರೆ ನಿಲ್ದಾಣವಿಲ್ಲ. ಮೇಲಿನ 11 ಸಾಲಿನ ಹೊಯ್ಸಳ ಕೋಷ್ಟಕವನ್ನು 'ವಿಷ್ಣುವರ್ಧನನ ತಾಯಿ ಯಾರು?' ಎಂದು ಕೇಳಿದರೆ ಯಂತ್ರ 'ಯಾರೂ ಇಲ್ಲ' ಎನ್ನುತ್ತದೆ. ಶಾಸನಗಳಲ್ಲಿ ರಾಣಿ ಏಚಲದೇವಿಯ ಹೆಸರಿದೆ. ಕೋಷ್ಟಕ ಬರೆದವರು ಗಂಡುಸಾಲನ್ನಷ್ಟೇ ಬರೆದರು, ಅಷ್ಟೇ.

ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಮಗಳ ಹೆಸರನ್ನು ಬಿಟ್ಟು ಬರೆಸಿದಾಗ ಆಗುವುದೂ ಇದೇ. ಎಂಟೇ ಹೆಜ್ಜೆಯಲ್ಲಿ, ಒಂದು ಸೆಕೆಂಡಿನೊಳಗೆ, ತರ್ಕದಲ್ಲಿ ಒಂದು ದೋಷವೂ ಇಲ್ಲದೆ ಯಂತ್ರ ಅವಳಿಲ್ಲ ಎಂದು ಹೇಳುತ್ತದೆ. ಇದಕ್ಕೆ ತರ್ಕದೊಳಗೇ ಇರುವ ಒಂದು ಪರಿಹಾರ, 'ಈ ವ್ಯಕ್ತಿಯ ಮಕ್ಕಳ ಪಟ್ಟಿ ಪೂರ್ಣವಾಗಿದೆ ಎಂದು ಪರಿಶೀಲಿಸಲಾಗಿದೆ' ಎಂಬುದನ್ನೂ ಒಂದು ಸಂಗತಿಯಾಗಿ ಕೋಷ್ಟಕದಲ್ಲಿ ಬರೆದಿಡುವುದು. ಆ ಸಾಲು ಇಲ್ಲದಿದ್ದ ಕಡೆ ಯಂತ್ರ 'ಇಲ್ಲ' ಎನ್ನುವ ಬದಲು 'ತಿಳಿಯದು' ಎನ್ನುವಂತೆ ನಿಯಮ ಬರೆಯಬಹುದು. ಹೆಚ್ಚುವರಿ ಖರ್ಚು, ಪ್ರತಿ ಹೆಸರಿಗೆ ಕೋಷ್ಟಕದಲ್ಲಿ ಒಂದು ಸಾಲು ಮತ್ತು ಊರಿಗೆ ಹೋಗಿ ವಿಚಾರಿಸಿ ಬರುವ ಒಬ್ಬ ಗ್ರಾಮ ಆಡಳಿತ ಅಧಿಕಾರಿಯ ಸಮಯ.